ಇಂಟರೆಸ್ಟ್ ಎಂಬ ಇಂಗ್ಲಿಷ್ ಮಾತಿನ ಅರ್ಥವಿಚಾರ

ನಮ್ಮ ಹಳ್ಳಿಗಳ ಸಭೆಗಳಲ್ಲಿ ಇಂಗ್ಲಿಷ್ ಅಕ್ಷರ ಬಲ್ಲ ಮಕ್ಕಳು ಈಗ ಅನೇಕ ಮನೆಗಳಲ್ಲಿದ್ದಾರೆ. ಮನೆಗೆ ಯಾವದಾದರೂ ಇಂಗ್ಲಿಷ್ ಕಾಗದ ಬಂದರೆ ತಂದೆಯು ಅದನ್ನು ಮಗನ ಇಲ್ಲವೆ ಮಗಳ ಕೈಗೆ ಕೊಟ್ಟು, ಓದಿ ಹೇಳು ಅನ್ನುತ್ತಾನೆ. ಮಗುವು ಓದುತ್ತದೆ, ಓದುವದರಲ್ಲಿ ತಪ್ಪಿಲ್ಲ. ಆದರೆ ಶಾಲೆಯಲ್ಲಿ ಒಂದು ಮಾತಿಗೆ ಒಂದು ಅರ್ಥವನ್ನು ಬಾಯಿಪಾಠ ಮಾಡಿದ ಮಗುವು ಆ ಒಂದೇ ಅರ್ಥವನ್ನು ಸಿಕ್ಕಿದ ಕಡೆಯಲ್ಲೆಲ್ಲಾ ಹಚ್ಚಿ ಹೇಳುತ್ತದೆ. ತಂದೆಯು ಅದನ್ನೇ ನಂಬಿ ಹೆಬ್ಬೆಟ್ಟು ಒತ್ತುತ್ತಾನೆ. ಈ ಅಪಾಯಕ್ಕೆ ಗುರಿಮಾಡುವ ಮಾತುಗಳು ಬಹಳ ಇವೆ. ಅವುಗಳಲ್ಲಿ ಒಂದನ್ನು ಈ ತಿಂಗಳ ಪಾಠಕ್ಕೆ ತೆಗೆದುಕೊಂಡಿದ್ದೇವೆ. ಅದು ಇಂಟರೆಸ್ಟ್ ಎಂಬದು.

ಇದು ದೊಡ್ಡ ಮಾತೇನೂ ಅಲ್ಲ, ದಿನಬಳಕೆಯ ಮಾತು. ಶಾಲೆಯ ಉಪಾಧ್ಯಾಯರು ಹುಡುಗನ ಪ್ರಗತಿಪತ್ರದಲ್ಲಿ, ಇವನಿಗೆ ಲೆಕ್ಕದಲ್ಲಿ ಇಂಟರೆಸ್ಟ್ ಇದೆ ಎಂದು ಬರೆದರೆ ಅದು ಆಸಕ್ತಿ. ಬ್ಯಾಂಕಿನ ಪುಸ್ತಕದಲ್ಲಿ ಅದೇ ಮಾತು ಬಂದರೆ ಬಡ್ಡಿ. ಹೊಲದ ಕ್ರಯಪತ್ರದಲ್ಲಿ ಬಂದರೆ ಹಕ್ಕು. ನ್ಯಾಯಾಲಯದಲ್ಲಿ ವಕೀಲನು ಸಾಕ್ಷಿಯನ್ನು ಕುರಿತು ಆ ಮಾತನ್ನು ಆಡಿದರೆ, ಈ ಸಾಕ್ಷಿಗೆ ಸ್ವಂತ ಲಾಭವುಂಟು ಎಂಬ ಆಕ್ಷೇಪಣೆ. ವರ್ತಮಾನಪತ್ರಿಕೆಯಲ್ಲಿ ಬಂದರೆ ಹಿತ. ಆಸಕ್ತಿ, ಬಡ್ಡಿ, ಹಕ್ಕು, ಲಾಭ, ಹಿತ: ಕನ್ನಡದಲ್ಲಿ ಇವು ಒಂದಕ್ಕೊಂದು ನೆಂಟಸ್ತನವಿಲ್ಲದ ಮಾತುಗಳು. ಇಂಗ್ಲಿಷರು ಇವೆಲ್ಲವನ್ನು ಒಂದೇ ಚೀಲದಲ್ಲಿ ಹೇಗೆ ತುಂಬಿದರು ಎಂಬದನ್ನು ತಿಳಿಯಬೇಕಾದರೆ ಮಾತಿನ ಬೇರಿಗೆ ಹೋಗಬೇಕು.

ಬೇರು ಲ್ಯಾಟಿನ್ ಭಾಷೆಯದು. ಆ ಭಾಷೆಯಲ್ಲಿ ಇಂಟರ್ ಅಂದರೆ ನಡುವೆ, ಎಸ್ಸೆ ಅಂದರೆ ಇರುವದು. ಎರಡೂ ಕೂಡಿ ಇಂಟರೆಸ್ಸೆ, ಅಂದರೆ ನಡುವೆ ಇರುವದು. ಎರಡು ವಸ್ತುಗಳ ನಡುವೆ ಏನೋ ಇದ್ದರೆ ಅವೆರಡಕ್ಕೂ ಅಂತರವುಂಟಾಯಿತು. ಅಂತರ ಉಂಟಾದರೆ ಅದು ಲಕ್ಷ್ಯಕ್ಕೆ ತಕ್ಕದ್ದಾಯಿತು. ಹೀಗೆ ರೋಮಿನವರು ಇಂಟರೆಸ್ಟ್ ಅಂದಾಗ, ಇದರಿಂದ ನನಗೆ ವ್ಯತ್ಯಾಸವಾಗುತ್ತದೆ, ಇದು ನನಗೆ ಸಂಬಂಧಪಟ್ಟದ್ದು ಎಂದು ಅರ್ಥ. ಒಬ್ಬನಿಗೂ ಒಂದು ವಸ್ತುವಿಗೂ ನಡುವೆ ಇರುವ ಈ ಸಂಬಂಧವನ್ನು ಹಿಡಿದುಕೊಂಡರೆ ಮಿಕ್ಕ ಅರ್ಥಗಳೆಲ್ಲಾ ಅದರಿಂದಲೇ ಕವಲೊಡೆದವೆಂದು ಕಾಣುವದು. ಹಣದ ಸಂಬಂಧವಾದರೆ ಬಡ್ಡಿ, ಭೂಮಿಯ ಸಂಬಂಧವಾದರೆ ಹಕ್ಕು, ಮನಸ್ಸಿನ ಸಂಬಂಧವಾದರೆ ಆಸಕ್ತಿ.

ಮೊದಲು ಬಡ್ಡಿಯ ವಿಷಯ. ರೋಮಿನ ನ್ಯಾಯಶಾಸ್ತ್ರದಲ್ಲಿ ಒಬ್ಬನು ಕೊಟ್ಟ ಮಾತನ್ನು ತಪ್ಪಿದರೆ, ಮಾತು ನಡೆದಿದ್ದರೆ ಎದುರಿನವನ ಸ್ಥಿತಿ ಹೇಗಿರುತ್ತಿತ್ತು, ಈಗ ಹೇಗಿದೆ, ಆ ಎರಡರ ನಡುವೆ ಇರುವದು ಎಷ್ಟು ಎಂದು ಲೆಕ್ಕಹಾಕಿ ಕೊಡಿಸುತ್ತಿದ್ದರು. ನಡುವೆ ಇರುವ ಆ ಮೊತ್ತವನ್ನು ಸೂಚಿಸಲು ಇದೇ ಮಾತನ್ನು ಬಳಸಿದರು. ಸಾಲಕ್ಕೆ ತೆಗೆದುಕೊಳ್ಳುವ ಬಡ್ಡಿಗಾದರೋ ಬೇರೆ ಮಾತಿತ್ತು, ಉಸೂರ ಎಂಬದು. ಅಂದರೆ ಹಣದ ಬಳಕೆಗೆ ಕೊಡುವ ಬೆಲೆ. ಇಂಗ್ಲಿಷಿನ ಯೂಷರಿ ಎಂಬ ಮಾತು ಅದರಿಂದ ಬಂದದ್ದು. ಕಾಲಾಂತರದಲ್ಲಿ ಐರೋಪ್ಯ ಸಭೆಯು ಉಸೂರವನ್ನು ಪಾಪವೆಂದು ಕಟ್ಟುನಿಟ್ಟಾಗಿ ನಿಷೇಧಿಸಿತು. 1179ರಲ್ಲಿ ರೋಮಿನ ಲ್ಯಾಟರನ್ನಿನಲ್ಲಿ ಕೂಡಿದ ಮೂರನೆಯ ಮಹಾಸಭೆಯವರು, ಬಹಿರಂಗವಾಗಿ ಬಡ್ಡಿ ವ್ಯಾಪಾರ ಮಾಡುವವನಿಗೆ ಪ್ರಭುಭೋಜನವನ್ನೂ ಕ್ರೈಸ್ತ ಸಮಾಧಿಯನ್ನೂ ಕೊಡಕೂಡದೆಂದು ಗೊತ್ತುಮಾಡಿದರು. ಆದರೆ ವ್ಯಾಪಾರವು ನಿಲ್ಲಲಿಲ್ಲ. ಸಾಲಗಾರನು ಹೇಳಿದ ದಿನಕ್ಕೆ ಹಣ ತರದೆ ಹೋದದ್ದರಿಂದ ಸಾಲ ಕೊಟ್ಟವನಿಗೆ ನಿಜವಾದ ನಷ್ಟವಾಗಿದ್ದರೆ ಅದನ್ನು ತುಂಬಿಕೊಡಬೇಕಲ್ಲವೋ ಎಂದು ಸಭೆಯ ನ್ಯಾಯಪಂಡಿತರು ಕೇಳಿದರು. ಹಾಗೆ ತುಂಬಿಕೊಡುವ ಹಣವನ್ನು ಇಂಟರೆಸ್ಸೆ ಎಂದು ಕರೆದರು. ಉಸೂರ ಪಾಪ, ಇಂಟರೆಸ್ಸೆ ನ್ಯಾಯ. ಈ ಬಾಗಿಲು ಒಮ್ಮೆ ತೆರೆದ ಮೇಲೆ ಬರಬರುತ್ತಾ ಅಗಲವಾಯಿತೆಂದು ಬೇರೆ ಹೇಳಬೇಕಾಗಿಲ್ಲ. ಹೆಸರನ್ನು ಬದಲಿಸಿ ಸರಕನ್ನು ದಾಟಿಸುವ ಜಾಣತನ ಯಾವ ದೇಶದ ಸಂತೆಯಲ್ಲಿಯೂ ಹೊಸದಲ್ಲ.

ಇಂಗ್ಲೆಂಡಿನ ಶಾಸನಗಳಲ್ಲಿ ಈ ಬದಲಾವಣೆಯನ್ನು ಹೆಜ್ಜೆಹೆಜ್ಜೆಯಾಗಿ ಕಾಣಬಹುದು. 1545ರಲ್ಲಿ ಎಂಟನೆಯ ಹೆನ್ರಿ ಅರಸನ ಶಾಸನವು ವರ್ಷಕ್ಕೆ ನೂರಕ್ಕೆ 10ರ ವರೆಗೆ ತೆಗೆದುಕೊಳ್ಳುವದನ್ನು ಸಹಿಸಿಕೊಂಡಿತು. 1552ರಲ್ಲಿ ಅವನ ಮಗನ ಕಾಲದಲ್ಲಿ ಅದನ್ನು ರದ್ದುಮಾಡಿ ಎಲ್ಲಾ ಬಡ್ಡಿಯನ್ನೂ ನಿಷೇಧಿಸಿದರು. 1571ರಲ್ಲಿ ಎಲಿಜಬೆತ್ ರಾಣಿಯ ಕಾಲದಲ್ಲಿ ಹಿಂದಿನ ಶಾಸನವು ಮರಳಿ ಬಂತು. 1624ರಲ್ಲಿ ಮಿತಿಯು 8ಕ್ಕೆ ಇಳಿಯಿತು, 1714ರ ಹೊತ್ತಿಗೆ 5ಕ್ಕೆ ಇಳಿಯಿತು, 1854ರಲ್ಲಿ ಮಿತಿಯನ್ನೇ ತೆಗೆದುಹಾಕಿದರು. ಈ ಮುನ್ನೂರು ವರ್ಷಗಳಲ್ಲಿ ಎರಡು ಮಾತುಗಳು ಎರಡು ದಾರಿ ಹಿಡಿದವು. ಕಾನೂನು ಒಪ್ಪಿದ್ದು ಇಂಟರೆಸ್ಟ್ ಎನಿಸಿಕೊಂಡಿತು. ಒಪ್ಪದೆ ಇದ್ದದ್ದು, ಸಾಲಗಾರನನ್ನು ಹಿಂಡುವಂಥದ್ದು, ಯೂಷರಿ ಎಂಬ ಹಳೆಯ ಹೆಸರನ್ನು ಹೊತ್ತುಕೊಂಡು ಉಳಿಯಿತು.

ಇದನ್ನು ಅರಿಯದೆ ಇಂಗ್ಲಿಷ್ ಸತ್ಯವೇದವನ್ನು ಓದುವವರಿಗೆ ಒಂದು ತೊಡಕು ಬರುತ್ತದೆ. ಮತ್ತಾಯನ 25ನೆಯ ಅಧ್ಯಾಯದ ತಲಾಂತುಗಳ ಸಾಮ್ಯದಲ್ಲಿ ಯಜಮಾನನು, ನನ್ನ ಹಣವನ್ನು ಸಾಹುಕಾರರಲ್ಲಿ ಇಟ್ಟಿದ್ದರೆ ಬಡ್ಡಿಯಾದರೂ ಬರುತ್ತಿತ್ತಲ್ಲಾ ಎಂದು ಸೇವಕನನ್ನು ಗದರಿಸುವ ಸ್ಥಳದಲ್ಲಿ, 1611ರ ಇಂಗ್ಲಿಷ್ ಭಾಷಾಂತರದವರು ಯೂಷರಿ ಎಂದು ಬರೆದಿದ್ದಾರೆ. ಆಗ ಆ ಮಾತು ಎಲ್ಲಾ ಬಡ್ಡಿಗೂ ಸಲ್ಲುತ್ತಿತ್ತು. ಇಂದಿನ ಇಂಗ್ಲಿಷಿನಲ್ಲಿ ಅದಕ್ಕೆ ಅನ್ಯಾಯದ ಬಡ್ಡಿ ಎಂಬ ಅರ್ಥವೇ ಉಳಿದಿರುವದರಿಂದ, ಓದುವವನಿಗೆ ಯಜಮಾನನು ಬಡವರ ರಕ್ತ ಹೀರುವದಕ್ಕೆ ಅಪ್ಪಣೆ ಕೊಟ್ಟಂತೆ ಕಾಣುತ್ತದೆ. 1881ರಲ್ಲಿ ಹೊರಟ ತಿದ್ದಿದ ಭಾಷಾಂತರದಲ್ಲಿ ಅದನ್ನು ತೆಗೆದು ಇಂಟರೆಸ್ಟ್ ಎಂದು ಹಾಕಿದರು. ನಮ್ಮ ಕನ್ನಡದಲ್ಲಿ ಬಡ್ಡಿ ಎಂದೇ ಇರುವದರಿಂದ ಈ ತೊಡಕು ನಮಗೆ ಬಾರದು.

ಒಂದೊಂದು ಭಾಷೆಯು ಇದೇ ವಸ್ತುವನ್ನು ಹೇಗೆ ಕಂಡಿತು ಎಂಬದು ನೋಡತಕ್ಕದ್ದಾಗಿದೆ. ಇಬ್ರಿಯ ಭಾಷೆಯಲ್ಲಿ ಬಡ್ಡಿಗೆ ನೆಷೆಕ್ ಎಂಬ ಮಾತುಂಟು. ಅದು ಕಚ್ಚುವದು ಎಂಬ ಧಾತುವಿಗೆ ಸೇರಿದ್ದು. ಹಾವು ಕಚ್ಚುವದಕ್ಕೂ ಅದೇ ಧಾತು. ಅದರ ಜೊತೆಯಲ್ಲಿ ತರ್ಬಿತ್ ಎಂಬ ಇನ್ನೊಂದು ಮಾತುಂಟು, ಅದಕ್ಕೆ ಹೆಚ್ಚಳವೆಂದರ್ಥ. ಯಾಜಕಕಾಂಡದ 25ನೆಯ ಅಧ್ಯಾಯದಲ್ಲಿ ಬಡತನಕ್ಕೆ ಬಂದ ಸಹೋದರನಿಂದ ಇವೆರಡನ್ನೂ ತೆಗೆದುಕೊಳ್ಳಬಾರದೆಂಬ ಕಟ್ಟಳೆ ಇದೆ. ಕೊಟ್ಟವನು ನೋಡಿದರೆ ಹೆಚ್ಚಳ, ತೀರಿಸುವವನು ನೋಡಿದರೆ ಕಡಿತ! ಗ್ರೀಕ್ ಭಾಷೆಯಲ್ಲಿ ಬಡ್ಡಿಗೆ ಟೋಕೊಸ್ ಅನ್ನುತ್ತಾರೆ. ಅದರ ಮೊದಲ ಅರ್ಥ ಸಂತಾನ, ಹಣವು ಹೆತ್ತ ಮರಿ. ಹಣವು ಹಣವನ್ನು ಹೆರುವದು ಸೃಷ್ಟಿಕ್ರಮಕ್ಕೆ ವಿರೋಧವೆಂದು ಅರಿಸ್ಟಾಟಲ್ ಎಂಬ ತತ್ವಜ್ಞಾನಿಯು ಆಕ್ಷೇಪಿಸಿದ್ದಾನೆ. ನಮ್ಮ ಬಡ್ಡಿಯು ವೃದ್ಧಿ ಎಂಬ ಸಂಸ್ಕೃತ ಮಾತಿನ ತದ್ಭವ; ಬೆಳೆಯುವದು ಎಂದರ್ಥ. ಅಸಲು ಎಂಬದು ಅರಬ್ಬಿ ಭಾಷೆಯಿಂದ ಬಂದದ್ದು, ಅದಕ್ಕೆ ಬೇರು ಎಂದರ್ಥ. ಹೀಗೆ ನಮ್ಮ ಮಾತಿನಲ್ಲಿ ಬೇರೂ ಬೆಳವಣಿಗೆಯೂ ಸೇರಿ ಒಂದು ಗಿಡವೇ ಆಗಿದೆ. ಇಂಗ್ಲಿಷಿನ ಇಂಟರೆಸ್ಟ್ ಎಂಬದರಲ್ಲಾದರೋ ಕಚ್ಚುವದೂ ಇಲ್ಲ, ಹೆರುವದೂ ಇಲ್ಲ, ಬೆಳೆಯುವದೂ ಇಲ್ಲ. ಅದು ಬಹಳ ಸಾಧುವಾದ ಮಾತು, ಹಲ್ಲು ಕಾಣುವದಿಲ್ಲ. ಆದಕಾರಣ ಕಾಗದದಲ್ಲಿ ಅದನ್ನು ಕಂಡಾಗ ಹೆಚ್ಚು ಎಚ್ಚರಿಕೆ ಬೇಕು.

ಹಳ್ಳಿಯಲ್ಲಿ ಮೂರು ರೂಪಾಯಿ ಬಡ್ಡಿ ಅಂದರೆ ನೂರಕ್ಕೆ ತಿಂಗಳಿಗೆ ಮೂರು ಎಂದು ಎಲ್ಲರೂ ಬಲ್ಲರು. ಇಂಗ್ಲಿಷ್ ಕಾಗದಗಳಲ್ಲಿ ವರ್ಷದ ಲೆಕ್ಕವೇ ಹೆಚ್ಚು. ಹಳ್ಳಿಯ ಮೂರು ಇಂಗ್ಲಿಷ್ ಕಾಗದದ ಮೂವತ್ತಾರಕ್ಕೆ ಸಮ. ಅದು ಚಕ್ರಬಡ್ಡಿಯಾಗಿ ತಿಂಗಳು ತಿಂಗಳು ಅಸಲಿಗೆ ಸೇರಿದರೆ, 10,000 ರೂಪಾಯಿ ವರ್ಷದ ಕೊನೆಗೆ 14,257 ರೂಪಾಯಿಯನ್ನು ದಾಟುತ್ತದೆ. ಇದಕ್ಕಿಂತಲೂ ಮೋಸಗೊಳಿಸುವದು ಫ್ಲ್ಯಾಟ್ ಇಂಟರೆಸ್ಟ್ ಎಂಬ ಜೋಡುಮಾತು. ಫ್ಲ್ಯಾಟ್ ಅಂದರೆ ಸಪಾಟು ಎಂದು ಶಾಲೆಯಲ್ಲಿ ಕಲಿತ ಮಗುವು, ಏರುತಗ್ಗಿಲ್ಲದ ಸಮವಾದ ಬಡ್ಡಿ, ಒಳ್ಳೆಯದೇ ಎಂದು ಹೇಳೀತು. ಲೆಕ್ಕವನ್ನು ನೋಡಿರಿ. ಒಬ್ಬಾಕೆಯು 12,000 ರೂಪಾಯಿಯನ್ನು ವರ್ಷಕ್ಕೆ ನೂರಕ್ಕೆ 12ರ ಫ್ಲ್ಯಾಟ್ ಬಡ್ಡಿಗೆ ತಂದಳು. ಬಡ್ಡಿ 1,440. ಒಟ್ಟು 13,440 ರೂಪಾಯಿಯನ್ನು ತಿಂಗಳಿಗೆ 1,120ರಂತೆ ಹನ್ನೆರಡು ಕಂತಿನಲ್ಲಿ ತೀರಿಸಬೇಕು. ಆರು ತಿಂಗಳಲ್ಲಿ ಅಸಲಿನ ಅರ್ಧವನ್ನು ಆಕೆ ಹಿಂದಕ್ಕೆ ಕೊಟ್ಟಾಯಿತು. ಆದರೂ ಕಡೆಯ ತಿಂಗಳ ವರೆಗೆ ಪೂರ್ತಿ 12,000ಕ್ಕೂ ಬಡ್ಡಿ ನಡೆಯುತ್ತಲೇ ಇದೆ. ಉಳಿದ ಸಾಲಕ್ಕೆ ಮಾತ್ರ ಬಡ್ಡಿ ಹಿಡಿದಿದ್ದರೆ ಅದೇ ನೂರಕ್ಕೆ 12ರಂತೆ ಸುಮಾರು 794 ರೂಪಾಯಿ ಬಡ್ಡಿ ಸಾಕಾಗುತ್ತಿತ್ತು. ನಿಜವಾಗಿ ಆಕೆ ತೆರುತ್ತಿರುವದು ವರ್ಷಕ್ಕೆ ನೂರಕ್ಕೆ 21ಕ್ಕಿಂತ ಹೆಚ್ಚು.

ಇಂಥ ಮರೆಮಾತುಗಳ ಕಾರಣದಿಂದಲೇ ರಿಸರ್ವ್ ಬ್ಯಾಂಕಿನವರು, 2024ನೇ ಇಸವಿ ಅಕ್ಟೋಬರ್ 1ರಿಂದ ವ್ಯಕ್ತಿಗಳಿಗೂ ಸಣ್ಣ ಉದ್ದಿಮೆಗಳಿಗೂ ಕೊಡುವ ಹೊಸ ಸಾಲಗಳಿಗೆ ಮುಖ್ಯಾಂಶಗಳ ಒಂದು ಪತ್ರವನ್ನು ಕೊಡಬೇಕೆಂದು ತಮ್ಮ ಅಧೀನದ ಬ್ಯಾಂಕುಗಳಿಗೂ ಹಣಕಾಸಿನ ಸಂಸ್ಥೆಗಳಿಗೂ ವಿಧಿಸಿದರು. ಎಲ್ಲಾ ಶುಲ್ಕಗಳೂ ಸೇರಿ ವರ್ಷಕ್ಕೆ ಬೀಳುವ ನಿಜವಾದ ದರವು ಅದರಲ್ಲಿರಬೇಕು. ಅದು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿರಬೇಕು. ಇದನ್ನು ಕೇಳಿ ಪಡೆಯುವದಕ್ಕೆ ನಮ್ಮ ತಾಯಂದಿರು ಸಂಕೋಚಪಡಬಾರದು. ಕೈಸಾಲದವರಿಂದ ಇಂಥ ಪತ್ರವು ಸಿಕ್ಕದು. ಅವರನ್ನು ಕುರಿತು ನಮ್ಮ ರಾಜ್ಯದಲ್ಲಿ 2004ರ ವಿಪರೀತ ಬಡ್ಡಿ ನಿಷೇಧದ ಅಧಿನಿಯಮವುಂಟು.

ಇನ್ನು ಭೂಮಿಯ ಕಾಗದಕ್ಕೆ ಬರೋಣ. ಇಲ್ಲಿ ಇಂಟರೆಸ್ಟ್ ಅಂದರೆ ಬಡ್ಡಿಯೂ ಅಲ್ಲ, ಆಸಕ್ತಿಯೂ ಅಲ್ಲ. ಇಂಗ್ಲಿಷ್ ಕ್ರಯಪತ್ರದಲ್ಲಿ, ಮಾರುವವನು ತನ್ನ ರೈಟ್, ಟೈಟಲ್ ಮತ್ತು ಇಂಟರೆಸ್ಟ್ ಎಲ್ಲವನ್ನೂ ಕೊಂಡವನಿಗೆ ಬಿಟ್ಟುಕೊಟ್ಟಿದ್ದಾನೆ ಎಂಬ ಸಾಲು ತಪ್ಪದೆ ಇರುತ್ತದೆ. ರೈಟ್ ಅಂದರೆ ಹಕ್ಕು. ಟೈಟಲ್ ಅಂದರೆ ಒಡೆತನ ಮತ್ತು ಅದಕ್ಕಿರುವ ಆಧಾರ. ಇಂಟರೆಸ್ಟ್ ಅಂದರೆ ಆ ಭೂಮಿಗೂ ಅವನಿಗೂ ನಡುವೆ ಇರುವ ಯಾವ ಸಂಬಂಧವಾದರೂ ಸರಿ, ಪಾಲು, ಭೋಗ, ಅನುಭವ, ಮುಂದೆ ಬರಬಹುದಾದದ್ದು, ಎಲ್ಲವೂ. ಈ ಮೂರನ್ನು ಬರೆದುಕೊಟ್ಟವನಿಗೆ ಆ ನೆಲದಲ್ಲಿ ಒಂದು ಹುಣಿಸೆಮರದ ನೆರಳೂ ಉಳಿಯುವದಿಲ್ಲ. ಮಗನು ಇದನ್ನು, ಇನ್ನು ಮೇಲೆ ಅಪ್ಪನಿಗೆ ಈ ಹೊಲದಲ್ಲಿ ಆಸಕ್ತಿಯಿಲ್ಲವಂತೆ ಎಂದು ಓದಿ ಹೇಳಿದರೆ, ತಂದೆಯು ನಕ್ಕು ರುಜುಮಾಡಿಯಾನು. ನಮ್ಮ ಹಳೆಯ ಕನ್ನಡ ಪತ್ರಗಳಲ್ಲಿ ಇದೇ ಕೆಲಸವನ್ನು ಅಷ್ಟಭೋಗ ತೇಜಸ್ವಾಮ್ಯ ಎಂಬ ಮಾತು ಮಾಡುತ್ತಿತ್ತು. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂದು ಎಂಟನ್ನು ಬಿಡಿಸಿ ಹೇಳುತ್ತಿದ್ದರು: ಹೂತಿಟ್ಟ ಹಣ, ನೀರು, ಕಲ್ಲು, ಈಗಿರುವ ಉತ್ಪನ್ನ, ಮುಂದಾಗುವ ಉತ್ಪನ್ನ ಮುಂತಾದದ್ದೆಲ್ಲಾ ಅದರಲ್ಲಿ ಸೇರಿಹೋಗುತ್ತಿತ್ತು. ಶಾನುಭೋಗರ ಈ ಎಂಟು ಮಾತುಗಳು ಇಂಗ್ಲಿಷರ ಮೂರಕ್ಕಿಂತ ಕೇಳುವವನಿಗೆ ಹೆಚ್ಚು ನಿಚ್ಚಳವಾಗಿದ್ದವೆಂದು ನಮ್ಮ ಎಣಿಕೆ. ನೀರು ಹೋಯಿತು, ಕಲ್ಲು ಹೋಯಿತು ಎಂದು ಕೇಳಿದವನು ಒಂದು ಕ್ಷಣವಾದರೂ ತಡೆದು ನಿಲ್ಲುವನು.

1882ರ ಸ್ವತ್ತು ವರ್ಗಾವಣೆಯ ಅಧಿನಿಯಮದಲ್ಲಿ ಈ ಮಾತು ಮತ್ತೆ ಮತ್ತೆ ಬರುತ್ತದೆ. ಅದರಲ್ಲಿ 54ನೆಯ ಪ್ರಕರಣವನ್ನು ನಮ್ಮ ಜನರು ಮನಸ್ಸಿನಲ್ಲಿಡಬೇಕು. ಮುಂದೆ ಮಾರುತ್ತೇನೆಂಬ ಕರಾರು ಮಾತ್ರದಿಂದ ಆ ಭೂಮಿಯಲ್ಲಿ ಯಾವ ಇಂಟರೆಸ್ಟೂ ಹುಟ್ಟುವದಿಲ್ಲವೆಂದು ಅಲ್ಲಿ ಹೇಳಿದೆ. ಮುಂಗಡ ಕೊಟ್ಟು ಕರಾರುಪತ್ರವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡವನು, ಹೊಲವು ತನ್ನದಾಯಿತೆಂದು ನಿದ್ದೆಮಾಡುತ್ತಾನೆ. ಅವನಿಗಿರುವದು ಮಾರುವವನ ಮೇಲೆ, ಕೊಟ್ಟ ಮಾತನ್ನು ನಡಿಸು ಎಂದು ನ್ಯಾಯಾಲಯದಲ್ಲಿ ಕೇಳುವ ಹಕ್ಕು. ಹೊಲದ ಮೇಲಿನ ಹಕ್ಕಲ್ಲ. ನೂರು ರೂಪಾಯಿ ಇಲ್ಲವೆ ಅದಕ್ಕೆ ಮೇಲ್ಪಟ್ಟ ಬೆಲೆಯ ಭೂಮಿಯು ಕ್ರಯದಿಂದ ಕೈಬದಲಾಗಬೇಕಾದರೆ ಕ್ರಯಪತ್ರವು ನೋಂದಣಿಯಾಗಲೇಬೇಕು.

ಬಡ್ಡಿಯ ಅರ್ಥವೂ ಹಕ್ಕಿನ ಅರ್ಥವೂ ಒಂದೇ ಕಾಗದದಲ್ಲಿ ಎದುರುಬದುರಾಗಿ ಕೂತಿರುವದನ್ನು ನೋಡಬೇಕಾದರೆ ಭೋಗ್ಯದ ಪತ್ರವನ್ನು ನೋಡಬೇಕು. ನಮ್ಮಲ್ಲಿ ಹೊಲವನ್ನು ಭೋಗ್ಯಕ್ಕೆ ಹಾಕಿದರೆ ಹಣ ಕೊಟ್ಟವನು ಹೊಲವನ್ನು ವಶಕ್ಕೆ ತೆಗೆದುಕೊಂಡು ಬೆಳೆಯನ್ನು ತಾನೇ ಉಣ್ಣುತ್ತಾನೆ. ಹಣಕ್ಕೆ ಬಡ್ಡಿಯಿಲ್ಲ, ಹೊಲಕ್ಕೆ ಗುತ್ತಿಗೆಯಿಲ್ಲ. ಅದೇ ಅಧಿನಿಯಮದ 58ನೆಯ ಪ್ರಕರಣದಲ್ಲಿ ಅಡಮಾನವೆಂದರೆ ಸಾಲದ ಭದ್ರತೆಗಾಗಿ ಗೊತ್ತಾದ ಒಂದು ಸ್ವತ್ತಿನಲ್ಲಿರುವ ಇಂಟರೆಸ್ಟನ್ನು ವರ್ಗಾಯಿಸುವದು ಎಂದಿದೆ. ಇದು ಹಕ್ಕು. ಕೆಲವು ಸಾಲುಗಳ ಕೆಳಗೆ, ಭೋಗ್ಯದಾರನು ಬೆಳೆಯ ಆದಾಯವನ್ನು ಇಂಟರೆಸ್ಟಿಗೆ ಬದಲಾಗಿ ತೆಗೆದುಕೊಳ್ಳಬಹುದೆಂದಿದೆ. ಇದು ಬಡ್ಡಿ. ಒಂದೇ ಪ್ರಕರಣ, ಒಂದೇ ಮಾತು, ಎರಡು ಅರ್ಥ. ಬರೆದವರು ಪಂಡಿತರಾದುದರಿಂದ ಅವರಿಗೆ ಗೊಂದಲವಾಗಲಿಲ್ಲ. ಓದುವವನು ಪಂಡಿತನಲ್ಲದಿದ್ದರೆ ಹಕ್ಕಿನ ಸ್ಥಳದಲ್ಲಿ ಬಡ್ಡಿಯನ್ನೂ ಬಡ್ಡಿಯ ಸ್ಥಳದಲ್ಲಿ ಹಕ್ಕನ್ನೂ ಓದಿಯಾನು.

ಹೀಗೆಯೇ ಬ್ಯಾಂಕಿನ ನೋಟೀಸಿನಲ್ಲಿ ಸೆಕ್ಯುರಿಟಿ ಇಂಟರೆಸ್ಟ್ ಎಂದಿದ್ದರೆ ಅದು ಕಾವಲಿಗೆ ಕೊಡುವ ಬಡ್ಡಿಯಲ್ಲ. ಸಾಲಕ್ಕೆ ಭದ್ರತೆಯಾಗಿ ನಾವು ತೋರಿಸಿದ ಮನೆ ಇಲ್ಲವೆ ನಿವೇಶನದ ಮೇಲೆ ಬ್ಯಾಂಕಿಗೆ ಬಂದ ಹಕ್ಕು ಅದು. 2002ರ ಒಂದು ಅಧಿನಿಯಮದ ಪ್ರಕಾರ ಬ್ಯಾಂಕಿನವರು 60 ದಿವಸಗಳ ನೋಟೀಸು ಕೊಟ್ಟು, ಆ ಅವಧಿಯಲ್ಲಿ ಸಾಲ ತೀರದಿದ್ದರೆ ದಾವೆಯಿಲ್ಲದೆಯೇ ಆ ಸ್ವತ್ತನ್ನು ವಶಪಡಿಸಿಕೊಳ್ಳುವದಕ್ಕೆ ಹೊರಡಬಹುದು. ಇದನ್ನು ಬಡ್ಡಿಯ ಜ್ಞಾಪನವೆಂದು ತಿಳಿದು ಗೋಡೆಯ ಗೂಡಿನಲ್ಲಿ ಸಿಕ್ಕಿಸಿಟ್ಟರೆ ಅರುವತ್ತು ದಿವಸಗಳು ಅಲ್ಲಿಯೇ ಕಳೆದುಹೋಗುವವು. ಸಾಗುವಳಿಯ ಭೂಮಿಯ ಮೇಲಿನ ಭದ್ರತೆಗೆ ಈ ಅಧಿನಿಯಮವು ಹತ್ತುವದಿಲ್ಲವೆಂದು ಅದರಲ್ಲಿಯೇ ಇದೆ. ಆದರೆ ಅದರಿಂದ ಸಾಲವೇನೂ ಮನ್ನಾ ಆಗದು, ವಸೂಲಿಗೆ ಬೇರೆ ದಾರಿಗಳುಂಟು.

ಇಂಗ್ಲಿಷಿನಲ್ಲಿ ವೆಸ್ಟೆಡ್ ಇಂಟರೆಸ್ಟ್ ಎಂಬದೊಂದುಂಟು. ಅಜ್ಜನು ತನ್ನ ಹೊಲವನ್ನು ಪತ್ರಮುಖೇನ, ಅಜ್ಜಿ ಇರುವ ವರೆಗೆ ಅಜ್ಜಿಗೂ ಆಕೆಯ ತರುವಾಯ ಮೊಮ್ಮಗನಿಗೂ ಎಂದು ಕೊಟ್ಟರೆ, ಮೊಮ್ಮಗನು ಹೊಲಕ್ಕೆ ಕಾಲಿಡುವದು ಮುಂದಿನ ಮಾತಾದರೂ ಅವನ ಹಕ್ಕು ಈಗಲೇ ನೆಲೆಗೊಂಡಿತು. ನಡುವೆ ಅವನು ಸತ್ತರೂ ಅದು ಅವನ ವಾರಸುದಾರರಿಗೆ ಹೋಗುವದು. ಮೊಮ್ಮಗನು ಇಂಥ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಅವನಿಗೆ ಎಂದು ಬರೆದರೆ ಅದು ನೆಲೆಗೊಳ್ಳದ ಹಕ್ಕು, ಷರತ್ತು ನೆರವೇರಬೇಕು. ಕಾನೂನಿನಲ್ಲಿ ಇದು ವಿಧವೆಯರನ್ನೂ ಮಕ್ಕಳನ್ನೂ ಕಾಯುವ ಒಳ್ಳೆಯ ಮಾತು. ಅದೇ ಮಾತು ವರ್ತಮಾನಪತ್ರಿಕೆಗೆ ಹೋದ ಕೂಡಲೆ ಬೈಗುಳವಾಗಿಬಿಟ್ಟಿತು. ಪಟ್ಟಭದ್ರ ಹಿತಾಸಕ್ತಿಗಳು ಎಂದು ಪತ್ರಿಕೆಗಳು ಬರೆಯುವದು ಇದನ್ನೇ. ಇದ್ದ ಏರ್ಪಾಡಿನಿಂದ ಲಾಭ ಹೊಂದುತ್ತಾ ಅದು ಬದಲಾಗದಂತೆ ತಡೆಯುವವರು ಎಂದರ್ಥ. ಈ ಹಿತಾಸಕ್ತಿ ಎಂಬ ಮಾತನ್ನು ನೋಡಿರಿ. ಇಂಗ್ಲಿಷಿನ ಒಂದು ಮಾತಿನಲ್ಲಿ ಹಿತವೂ ಆಸಕ್ತಿಯೂ ಕೂಡಿರುವದನ್ನು ಕಂಡ ನಮ್ಮವರು, ಯಾವದನ್ನು ಬಿಡಬೇಕೆಂದು ತಿಳಿಯದೆ ಎರಡನ್ನೂ ಹೊಲಿದು ಒಂದು ಮಾಡಿದ್ದಾರೆ. ಸಾರ್ವಜನಿಕ ಹಿತಾಸಕ್ತಿ ಅರ್ಜಿ ಎಂಬದರಲ್ಲಿ ನಿಜವಾಗಿ ಬೇಕಾದದ್ದು ಜನಹಿತ ಮಾತ್ರ. ಜನಹಿತದ ಅರ್ಜಿ ಎಂದಿದ್ದರೆ ಹೊಲದಲ್ಲಿ ಕಳೆ ಕೀಳುವವಳಿಗೂ ತಿಳಿಯುತ್ತಿತ್ತು. ಆದರೆ ಮಾತು ಬೇರೂರಿದೆ, ಇನ್ನು ಕೀಳಲಾಗದು.

ನ್ಯಾಯಾಲಯದ ಅರ್ಥವನ್ನು ಕುರಿತು ಸ್ವಲ್ಪ ಹೇಳಬೇಕು. ಊರಿನಲ್ಲಿ ಹೊಡೆದಾಟವಾಗಿ ಒಬ್ಬನು ಸತ್ತರೆ ಕಣ್ಣಾರೆ ಕಂಡವರು ಹೆಚ್ಚಾಗಿ ಮನೆಯವರೇ. ಎದುರು ವಕೀಲನು ಎದ್ದು, ಈಕೆ ಇಂಟರೆಸ್ಟೆಡ್ ಸಾಕ್ಷಿ ಅನ್ನುತ್ತಾನೆ. ಇವಳಿಗೆ ಆಸಕ್ತಿಯುಂಟು, ಲಕ್ಷ್ಯಕೊಟ್ಟು ಹೇಳುತ್ತಾಳೆ ಎಂಬ ಹೊಗಳಿಕೆಯಲ್ಲ ಅದು. ಇವಳ ಮಾತನ್ನು ನಂಬಬೇಡಿರಿ ಎಂಬ ವಾದ. ಆದರೆ ರಾಜಸ್ಥಾನದ ಒಂದು ಕೊಲೆಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1981ರಲ್ಲಿ ಈ ಮಾತಿನ ಅರ್ಥವನ್ನು ಬಿಗಿಮಾಡಿತು. ನೆಂಟತನವೇ ಬೇರೆ, ಇಂಟರೆಸ್ಟೇ ಬೇರೆ. ಮೊಕದ್ದಮೆಯ ಫಲದಿಂದ ಸಾಕ್ಷಿಗೆ ಏನಾದರೂ ಲಾಭವಿದ್ದರೆ ಮಾತ್ರ ಆ ಹೆಸರು ಸಲ್ಲುವದೆಂದು ಹೇಳಿ, ಸತ್ತವನ ಹೆಂಡತಿಯ ಸಾಕ್ಷಿಯನ್ನು ನಂಬಲು ಅಡ್ಡಿಯಿಲ್ಲವೆಂದು ತೀರ್ಮಾನಿಸಿತು. ಒಂದು ಮಾತಿನ ಅರ್ಥವು ಅಗಲವಾಗಿದ್ದರೆ ಆ ಹೆಂಗಸಿನ ಬಾಯಿ ಮುಚ್ಚಿಹೋಗುತ್ತಿತ್ತು.

ಹಳೆಯ ಇಂಗ್ಲಿಷ್ ಪುಸ್ತಕಗಳನ್ನು ಓದುವ ನಮ್ಮ ಉಪಾಧ್ಯಾಯರಿಗೆ ಇನ್ನೊಂದು ಅರ್ಥ ಸಿಕ್ಕುವದು. 18ನೆಯ ಶತಮಾನದಲ್ಲಿಯೂ ಅದರ ತರುವಾಯವೂ, ಅವನಿಗೆ ನೌಕಾದಳದಲ್ಲಿ ಇಂಟರೆಸ್ಟ್ ಇದೆ ಅಂದರೆ ದೊಡ್ಡವರ ಕೈ ಅವನ ಬೆನ್ನಿಗಿದೆ ಎಂದು ತಿಳಿಯಬೇಕು. ಜೇನ್ ಆಸ್ಟಿನ್ ಎಂಬಾಕೆಯು ಬರೆದು 1814ರಲ್ಲಿ ಹೊರಟ ಮ್ಯಾನ್ಸ್‌ಫೀಲ್ಡ್ ಪಾರ್ಕ್ ಎಂಬ ಕಥೆಯಲ್ಲಿ ಒಬ್ಬ ಬಡ ನಾವಿಕ ಯುವಕನಿಗೆ ಮೇಲಿನ ಹುದ್ದೆ ಸಿಕ್ಕುವದು ಇಂಥ ಇಂಟರೆಸ್ಟಿನಿಂದಲೇ. ನಿಘಂಟುಗಳು ಇದಕ್ಕೆ ಪ್ರಭಾವ, ವರ್ಚಸ್ಸು ಎಂದೆಲ್ಲಾ ಬರೆಯುವವು. ವಶೀಲಿ ಎಂಬ ನಮ್ಮ ಊರಮಾತೇ ಇದಕ್ಕೆ ಸರಿಯಾದದ್ದು.

ಸಮಾನಾರ್ಥಕ ಪದಗಳ ವಿಷಯದಲ್ಲಿ ಹೆಚ್ಚು ಹೊತ್ತು ನಿಲ್ಲುವದಿಲ್ಲ. ಶೇರ್ ಅಂದರೆ ಪಾಲು, ಅದನ್ನು ಅಳೆಯಬಹುದು. ಕ್ಲೇಮ್ ಅಂದರೆ ಇದು ನನ್ನದೆಂದು ಕೇಳುವದು. ಕೇಳಿದ ಮಾತ್ರಕ್ಕೆ ಸಿಕ್ಕಿತೆಂದಲ್ಲ. ಸ್ಟೇಕ್ ಅಂದರೆ ಪಣಕ್ಕಿಟ್ಟದ್ದು, ಸೋತರೆ ಹೋಗುವದು. ಬೆನಿಫಿಟ್ ಅಂದರೆ ಪ್ರಯೋಜನ. ಕನ್ಸರ್ನ್ ಅಂದರೆ ಕಾಳಜಿ, ಅದರಲ್ಲಿ ಸ್ವಲ್ಪ ಚಿಂತೆಯೂ ಬೆರೆತಿರುತ್ತದೆ. ಕ್ಯೂರಿಯಾಸಿಟಿ ಅಂದರೆ ತಿಳಿಯಬೇಕೆಂಬ ಕುತೂಹಲ. ಅದು ಪಕ್ಕದ ಮನೆಯ ಜಗಳಕ್ಕೂ ಹೋಗುತ್ತದೆ. ಇವುಗಳಲ್ಲಿ ಯಾವದನ್ನು ಇಟ್ಟರೆ ಸಾಲಿನ ಅರ್ಥ ಕೆಡುವದಿಲ್ಲವೋ ಅದೇ ಆ ಸ್ಥಳದ ಇಂಟರೆಸ್ಟು. ಮಕ್ಕಳಿಗೆ ಪಾಠಹೇಳುವಾಗ ನಾವು ಈ ಉಪಾಯವನ್ನು ಬಳಸುತ್ತೇವೆ. ಮಾತನ್ನು ತೆಗೆದು ಬೇರೊಂದನ್ನು ಕೂರಿಸಿ ನೋಡು, ಅನ್ನುತ್ತೇವೆ. ಬಡ್ಡಿಯ ಅರ್ಥಕ್ಕೆ ಮಾತ್ರ ಈ ಆರರಲ್ಲಿ ಒಂದೂ ಕೂರುವದಿಲ್ಲ. ಆದದರಿಂದ ಸಾಲಿನಲ್ಲಿ ನೂರಕ್ಕೆ ಇಷ್ಟು ಎಂಬ ಅಂಕಿ ಇದೆಯೋ ಎಂದು ಮೊದಲು ಹುಡುಕಬೇಕು.

ಮನಸ್ಸಿನ ಆಸಕ್ತಿ ಎಂಬ ಅರ್ಥವು ನಮ್ಮ ಶಾಲೆಗಳಲ್ಲಿ ಮೊದಲು ಕಲಿಸಲ್ಪಡುತ್ತದೆ. ಮಾತಿನ ಚರಿತ್ರೆಯಲ್ಲಾದರೋ ಅದು ಕಡೆಗೆ ಹುಟ್ಟಿದ ಕೂಸು. ಇಂಗ್ಲಿಷಿನಲ್ಲಿ ಅದು ಚೆನ್ನಾಗಿ ಬಳಕೆಗೆ ಬಂದದ್ದು 18ನೆಯ ಶತಮಾನದಲ್ಲಿ. ಅದಕ್ಕಿಂತ ಮೊದಲು ಇಂಟರೆಸ್ಟಿಂಗ್ ಅಂದರೆ ಸೊಗಸಾದದ್ದು ಎಂದಲ್ಲ, ಸಂಬಂಧಪಟ್ಟದ್ದು, ಮುಖ್ಯವಾದದ್ದು ಎಂದರ್ಥ. ಇಲ್ಲಿ ಬಲ್ಲವರೂ ಎಡವುವ ಒಂದು ಜೋಡಿಯುಂಟು. ಅನ್‌ಇಂಟರೆಸ್ಟೆಡ್ ಅಂದರೆ ಆಸಕ್ತಿಯಿಲ್ಲದವನು, ಕೇಳುತ್ತಾ ಆಕಳಿಸುವವನು. ಡಿಸ್‌ಇಂಟರೆಸ್ಟೆಡ್ ಅಂದರೆ ಸ್ವಂತ ಲಾಭವನ್ನು ನೋಡದವನು, ಪಕ್ಷಪಾತವಿಲ್ಲದವನು. ಮೊದಲನೆಯದು ತೆಗಳಿಕೆ, ಎರಡನೆಯದು ಹೊಗಳಿಕೆ. ವಿಚಿತ್ರವೇನಂದರೆ 17ನೆಯ ಶತಮಾನದಲ್ಲಿ ಇವು ತಿರುಗುಮುರುಗಾಗಿದ್ದವು. ಆಗ ಮೊದಲನೆಯದಕ್ಕೆ ನಿಷ್ಪಕ್ಷಪಾತಿ ಎಂಬ ಅರ್ಥವಿತ್ತು, ಎರಡನೆಯದು ಆಸಕ್ತಿಯಿಲ್ಲದವನಿಗೆ ಸಲ್ಲುತ್ತಿತ್ತು. ಈಗಲೂ ಇಂಗ್ಲಿಷರಲ್ಲಿ ಅನೇಕರು ಒಂದರ ಸ್ಥಳದಲ್ಲಿ ಇನ್ನೊಂದನ್ನು ಬರೆಯುತ್ತಾರೆ. ಊರ ಪಂಚಾಯಿತಿಗೆ ಹಿರಿಯರನ್ನು ಆರಿಸುವಾಗ ಎರಡನೆಯ ತರದವನು ಬೇಕು. ಸಿಕ್ಕುವದು ಹಲವು ಸಾರಿ ಮೊದಲನೆಯ ತರದವನು.

ಸತ್ಯವೇದದಲ್ಲಿ ಈ ಮಾತು ಹಿತದ ಅರ್ಥದಲ್ಲಿ ಬಂದಿರುವ ಒಂದು ಸ್ಥಳವನ್ನು ಹೇಳುತ್ತೇವೆ. ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ 2ನೆಯ ಅಧ್ಯಾಯದ 4ನೆಯ ವಚನದಲ್ಲಿ, ಒಬ್ಬೊಬ್ಬನು ತನ್ನದನ್ನು ಮಾತ್ರ ನೋಡಿಕೊಳ್ಳದೆ ಮತ್ತೊಬ್ಬರದನ್ನೂ ನೋಡಬೇಕೆಂದು ಪೌಲನು ಬುದ್ಧಿಹೇಳುತ್ತಾನೆ. ಗ್ರೀಕ್ ಮೂಲದಲ್ಲಿ ತನ್ನವು, ಮತ್ತೊಬ್ಬರವು ಎಂದಷ್ಟೇ ಇದೆ. ಯಾವ ವಸ್ತುವೆಂದು ಹೆಸರಿಲ್ಲ. 1611ರವರು ಅಲ್ಲಿ ಸಂಗತಿಗಳು ಎಂಬ ಅರ್ಥದ ಮಾತನ್ನಿಟ್ಟರು. ಅಮೆರಿಕದಲ್ಲಿ 1946ರಲ್ಲಿ ಹೊರಟ ಹೊಸ ಒಡಂಬಡಿಕೆಯ ಭಾಷಾಂತರದವರು ಅದನ್ನು ಬಿಟ್ಟು ಇಂಟರೆಸ್ಟ್ ಎಂಬದರ ಬಹುವಚನವನ್ನು ಹಾಕಿದರು. ಬಡ್ಡಿಯೊಂದನ್ನೇ ಬಲ್ಲವನು ಇದನ್ನು ಓದಿದರೆ, ಅವರವರ ಬಡ್ಡಿಯನ್ನಲ್ಲದೆ ನೆರೆಯವರ ಬಡ್ಡಿಯನ್ನೂ ಲೆಕ್ಕವಿಡಿರಿ ಎಂದು ಅಪೊಸ್ತಲನು ಅಪ್ಪಣೆಕೊಟ್ಟಂತಾಗುವದು.

1882ರ ಅಧಿನಿಯಮದ 54ನೆಯ ಪ್ರಕರಣವನ್ನು ಮೇಲೆ ಹೇಳಿದೆವಷ್ಟೆ. ಅಲ್ಲಿ ಇಂಟರೆಸ್ಟಿನ ಪಕ್ಕದಲ್ಲಿಯೇ ಚಾರ್ಜ್ ಎಂಬ ಇನ್ನೊಂದು ಮಾತು ಕೂತಿದೆ. ಬಸ್ಸಿನವನು ಕೇಳುವ ಚಾರ್ಜು, ಪೊಲೀಸರು ಹೊರಿಸುವ ಚಾರ್ಜು, ಅಧಿಕಾರಿಯು ವಹಿಸಿಕೊಳ್ಳುವ ಚಾರ್ಜು, ಇವುಗಳಲ್ಲಿ ಯಾವದೂ ಅದಲ್ಲ. ಅದನ್ನು ಮುಂದಿನ ತಿಂಗಳು ನೋಡೋಣ.